ಲಂಬದೂರದ ಸೂತ್ರವೋ ಲಂಬಪಾದವೋ: ಐದು ಪೈಪು ಹೆಚ್ಚಿಗೆ ಕೊಂಡವನ ಹೋಲಿಕೆ

ಒಂದು ಬಿಂದುವಿನಿಂದ ಸರಳರೇಖೆಗೆ ಇರುವ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿಯಲು ನಾನು ಈಗ ಮೊದಲು ಲಂಬಪಾದವನ್ನೇ, ಅಂದರೆ ಬಿಂದುವಿನಿಂದ ಎಳೆದ ಲಂಬ ರೇಖೆಯನ್ನು ಮುಟ್ಟುವ ಜಾಗವನ್ನೇ, ಹುಡುಕುತ್ತೇನೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ಲಂಬದೂರದ ಸೂತ್ರವನ್ನು ನಂಬಿ 20 ಅಡಿಯ ಐದು ಪಿವಿಸಿ ಪೈಪುಗಳನ್ನು ಸುಮ್ಮನೆ ಕೊಂಡ ಮೇಲೆ ಈ ಅಭ್ಯಾಸ ಬಂದಿತು.

ತೋಟದ ಮೂಲೆಯನ್ನು ಮೂಲಬಿಂದುವಾಗಿ, ಅಲ್ಲಿ ಲಂಬವಾಗಿ ಕೂಡುವ ಎರಡು ಬೇಲಿಗಳನ್ನು ಅಕ್ಷಗಳಾಗಿ, ಒಂದು ಪೈಪಿನ ಉದ್ದವನ್ನು ಒಂದು ಮಾನವಾಗಿ ಇಟ್ಟುಕೊಂಡರೆ, ಹಳೆಯ ಮೇನ್ ಪೈಪು (4, 0) ಬಿಂದುವಿನಿಂದ (0, 3) ಬಿಂದುವಿನವರೆಗೆ ಹೋಗಿತ್ತು; ಅದಕ್ಕೆ ಜೋಡಿಸಬೇಕಿದ್ದ ಹೊಸ ಟ್ಯಾಂಕು (5, 5.5) ಬಿಂದುವಿನಲ್ಲಿತ್ತು. ರೇಖೆಯ ಸಮೀಕರಣ 3ಎಕ್ಸ್ + 4ವೈ = 12. ಸೂತ್ರವನ್ನು ಬಳಸಲು 12ನ್ನು ಎಡಕ್ಕೆ ತಂದು, ಟ್ಯಾಂಕಿನ ನಿರ್ದೇಶಾಂಕಗಳನ್ನು ಹಾಕಿ, ಬಂದುದರ ನಿರಪೇಕ್ಷ ಬೆಲೆಯನ್ನು (ಚಿಹ್ನೆ ಬಿಟ್ಟ ಬೆಲೆಯನ್ನು) 3 ಮತ್ತು 4ರ ವರ್ಗಗಳ ಮೊತ್ತದ ವರ್ಗಮೂಲವಾದ 5ರಿಂದ ಭಾಗಿಸಬೇಕು. 12ನ್ನು ತರುವಾಗ ನಾನು ಚಿಹ್ನೆಯನ್ನು ಬದಲಿಸಲಿಲ್ಲ. 15 + 22 + 12 ಸೇರಿ 49 ಆಯಿತು, 5ರಿಂದ ಭಾಗಿಸಿದಾಗ 9.8 ಬಂದಿತು, ಹತ್ತು ಪೈಪು ಮನೆಗೆ ಬಂದವು. ಸರಿಯಾದ ಲೆಕ್ಕದಲ್ಲಿ 15 + 22 − 12, ಅಂದರೆ 25. ದೂರ ಐದೇ ಪೈಪು.

ಚಿಹ್ನೆ ತಪ್ಪಿದ್ದಕ್ಕಿಂತ, ತಪ್ಪಿದ್ದು ಎಲ್ಲಿಯೂ ಕಾಣದೇ ಹೋದದ್ದು ನನ್ನನ್ನು ಹೆಚ್ಚು ಕೆಣಕಿತು. ನಿರಪೇಕ್ಷ ಬೆಲೆ ತೆಗೆದುಕೊಂಡ ಮೇಲೆ ಯಾವ ಉತ್ತರವೂ ಧನ ಸಂಖ್ಯೆಯಾಗಿಯೇ ಹೊರಬರುತ್ತದೆ, ಹೀಗಾಗಿ 9.8 ಎಂಬುದು 5ರಷ್ಟೇ ಸಭ್ಯವಾಗಿ ಕಾಣುತ್ತದೆ. ಮೇನ್ ಪೈಪಿನ (4, 0) ತುದಿಗೇ ಟ್ಯಾಂಕಿನಿಂದ ಸುಮಾರು 5.59 ಮಾನ ದೂರವಿರುವಾಗ ಅತಿ ಹತ್ತಿರದ ದಾರಿ ಅದಕ್ಕಿಂತ ಉದ್ದವಾಗಿರಲು ಸಾಧ್ಯವೇ ಇಲ್ಲ ಎಂಬುದು ಹಣ ಕೊಟ್ಟು ಬಂದ ಮೇಲೆ ಹೊಳೆಯಿತು. ಇದಲ್ಲದೆ, ಎರಡು ಪೈಪುಗಳನ್ನು ಕೂಡಿಸುವ ಟೀ ಆಕಾರದ ಜೋಡಣೆ, ಅಂದರೆ ಟೀ, ಎಲ್ಲಿ ಕೂರಿಸಬೇಕೆಂಬುದನ್ನು ಸೂತ್ರ ಹೇಳುವುದೇ ಇಲ್ಲ.

ಲಂಬಪಾದದ ವಿಧಾನದಲ್ಲಿ ಅದೇ 25ನ್ನು ವರ್ಗಮೂಲದ ಬದಲು ವರ್ಗಗಳ ಮೊತ್ತವಾದ 25ರಿಂದಲೇ ಭಾಗಿಸಿ, ಬಂದ 1ರಿಂದ 3 ಮತ್ತು 4ನ್ನು ಗುಣಿಸಿ ಟ್ಯಾಂಕಿನ ನಿರ್ದೇಶಾಂಕಗಳಿಂದ ಕಳೆಯಬೇಕು: (2, 1.5). ಇದನ್ನು ಸಮೀಕರಣಕ್ಕೆ ಹಾಕಿದರೆ 6 + 6 = 12, ತಾಳೆಯಾಯಿತು. ಚಿಹ್ನೆ ತಪ್ಪಿದ್ದರೆ ಈ ತಾಳೆ ಕೂಡುತ್ತಲೇ ಇರಲಿಲ್ಲ. ಬಿಂದು ಮೇನ್ ಪೈಪಿನ ನಟ್ಟನಡುವೆ, ತುದಿಯಿಂದ 50 ಅಡಿಗೆ ಬಿದ್ದದ್ದರಿಂದ ಟೀಗೂ ಜಾಗ ಸಿಕ್ಕಿತು. ಪಾದವು ಪೈಪಿನ ತುದಿಯಾಚೆ ಬಿದ್ದಿದ್ದರೆ ಅದೂ ಇಲ್ಲಿಯೇ ತಿಳಿಯುತ್ತಿತ್ತು. ಸೂತ್ರವಾದರೋ ರೇಖೆ ಎರಡೂ ಕಡೆ ಅನಂತವಾಗಿದೆ ಎಂದೇ ಭಾವಿಸುತ್ತದೆ.

ಇಳಿಜಾರಿನಿಂದ ಲಂಬದ ಸಮೀಕರಣ ಬರೆದು ಎರಡೂ ರೇಖೆಗಳು ಕೂಡುವ ಬಿಂದುವನ್ನು ಹುಡುಕುವ ವಿಧಾನವೂ ಇದೇ ಬಿಂದುವನ್ನು ಕೊಡುತ್ತದೆ, ಆದರೆ ಎರಡು ಸಮೀಕರಣಗಳನ್ನು ಬಿಡಿಸಬೇಕು, ರೇಖೆ ನೆಟ್ಟಗೆ ನಿಂತಿದ್ದರೆ ಇಳಿಜಾರೇ ಇರುವುದಿಲ್ಲ. ಅವಕಲನದಿಂದ ದೂರದ ವರ್ಗವನ್ನು ಕನಿಷ್ಠಗೊಳಿಸುವುದು ಈ ಕೆಲಸಕ್ಕೆ ಅತಿಯಾಯಿತು. ತ್ರಿಭುಜದ ವಿಸ್ತೀರ್ಣದಿಂದ ಎತ್ತರ ತೆಗೆಯುವುದು ಚೆಂದ, ಚಿಹ್ನೆಯ ಈ ಕಾಟವೂ ಇಲ್ಲ. ಟೀ ಜಾಗ ಮಾತ್ರ ಅಲ್ಲಿಯೂ ಸಿಗದು.

80 ನಿಮಿಷದಲ್ಲಿ 60 ಪ್ರಶ್ನೆ ಬಿಡಿಸಬೇಕಾದ ಸಿಇಟಿಗೆ ಓದುತ್ತಿರುವ ಮಗಳಿಗೆ ಸೂತ್ರವೇ ಸಾಕೆಂದು ನಾನೂ ಒಪ್ಪುತ್ತೇನೆ. ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ನೇರವಾಗಿ ಅಂಗಡಿಗೆ ಹೊರಡುವ ನನಗೆ ಮಾತ್ರ ಲಂಬಪಾದವೇ ಇರಲಿ.