ತೋಳಿನ ಬಲ ಬೇರೆ, ತ್ರಾಣ ಬೇರೆ: ಮಕ್ಕಳಿಗೆ ಮಾಡಿಸಿ ನೋಡಿದ ಮೂರು ಪರೀಕ್ಷೆಗಳು

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಫಿಸಿಯೋಥೆರಪಿ ಮಾಡಿಸುವ ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಒಂದಿದೆ. ನಡೆಯಲಾರದ ಮಗುವಿನ ತ್ರಾಣವನ್ನು ಅಳೆಯುವುದು ಹೇಗೆ? ಆರು ನಿಮಿಷ ನಡೆಸಿ ದೂರ ನೋಡುವ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಸ್ಪೈನಾ ಬೈಫಿಡಾ, ಅಂದರೆ ಹುಟ್ಟಿನಿಂದಲೇ ಬೆನ್ನುಹುರಿ ಸರಿಯಾಗಿ ಬೆಳೆಯದ ತೊಂದರೆಯಿಂದ ನಡೆಯಲಾರದ ಮಗು ಗಾಲಿಕುರ್ಚಿ ತಳ್ಳುವುದೂ ತೋಳಿನಿಂದ, ಮಂಚದಿಂದ ಕುರ್ಚಿಗೆ ಜರುಗುವುದೂ ತೋಳಿನಿಂದ.

ಮೊದಲು ಕೈಗೆತ್ತಿಕೊಂಡದ್ದು ಹಿಡಿತ ಅಳೆಯುವ ಡೈನಮೋಮೀಟರ್. ಬ್ಯಾಗಿನಲ್ಲಿ ಹಿಡಿಸುತ್ತದೆ, ಮೊಣಕೈ 90 ಡಿಗ್ರಿ ಮಡಿಸಿ ಮೂರು ಸಲ ಒತ್ತಿಸಿದರೆ ಮುಗಿಯಿತು. ಆದರೆ ಹಿಡಿತ ಜೋರಾಗಿದ್ದ ಹುಡುಗನೊಬ್ಬ ಶಾಲೆಯ ಇಳಿಜಾರು ಹತ್ತುವಾಗ ಅರ್ಧದಲ್ಲೇ ಗಾಲಿ ಬಿಟ್ಟುಬಿಡುತ್ತಿದ್ದ. ಉಪಕರಣ ತೋರಿಸಿದ್ದು ಕ್ಷಣದ ಬಲವನ್ನು, ಅವನಿಗೆ ಬೇಕಿದ್ದದ್ದು ನಿಮಿಷಗಟ್ಟಲೆ ಬಾಳುವ ತ್ರಾಣ.

ನಿಖರತೆಯಲ್ಲಿ ಆರ್ಮ್ ಎರ್ಗೋಮೀಟರನ್ನು ಮೀರಿಸುವುದು ಈ ಮೂರರಲ್ಲಿ ಇಲ್ಲ. ಪೆಡಲನ್ನು ಕೈಯಿಂದ ತಿರುಗಿಸುವ ಸೈಕಲ್ ಅದು. ಹಂತಹಂತವಾಗಿ ಭಾರ ಏರಿಸುತ್ತಾ ಹೃದಯ ಬಡಿತವನ್ನೂ ಉಸಿರಾಟದ ಆಮ್ಲಜನಕವನ್ನೂ ಅಳೆಯಬಹುದು. ತೋಳಿನ ಸ್ನಾಯುಗಳು ಕಾಲಿನವಕ್ಕಿಂತ ಚಿಕ್ಕವು. ಭಾರವನ್ನು ಅವಸರದಿಂದ ಏರಿಸಿದರೆ ಉಸಿರು ಏರುವ ಮೊದಲೇ ತೋಳು ಸೋಲುತ್ತದೆ. ನಮಗೆ ಅದು ಸಿಕ್ಕಿದ್ದು ಬೆಂಗಳೂರಿನಲ್ಲಿ. ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬೇಕು, ಎಂಟು ವರ್ಷದ ಮಗುವಿನ ಭುಜ ಪೆಡಲಿನ ಅಕ್ಷದ ಮಟ್ಟಕ್ಕೆ ಬರಲು ಕೆಳಗೆ ದಿಂಬುಗಳನ್ನು ಪೇರಿಸಬೇಕು.

ಮೂರನೆಯದು ಆರು ನಿಮಿಷಗಳ ಪೆಗ್‌ಬೋರ್ಡ್ ಪರೀಕ್ಷೆ. 2006ರಲ್ಲಿ ಸಿಒಪಿಡಿ (ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವ ವಯಸ್ಕರಿಗಾಗಿ ಪ್ರಕಟವಾದ ಇದನ್ನು ಈಗ ಮಕ್ಕಳಿಗೂ ಮಾಡಿಸುತ್ತಾರೆ. ಹಲಗೆಯ ಮೇಲೆ ನಾಲ್ಕು ಗೂಟಗಳು: ಎರಡು ಭುಜದ ಮಟ್ಟದಲ್ಲಿ, ಎರಡು ಅದಕ್ಕಿಂತ 20 ಸೆಂಟಿಮೀಟರ್ ಮೇಲೆ. ಕೆಳಗಿನ ಒಂದೊಂದು ಗೂಟದಲ್ಲೂ ಹತ್ತು ಬಳೆಗಳು. ಎರಡೂ ಕೈಗಳಿಂದ ಒಟ್ಟಿಗೆ ಮೇಲಕ್ಕೆ ಏರಿಸಿ, ಮುಗಿದ ಮೇಲೆ ಮತ್ತೆ ಕೆಳಕ್ಕೆ ಇಳಿಸುತ್ತಾ ಹೋಗಬೇಕು. ದಣಿದರೆ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಸಾಗಿಸಿದ ಬಳೆಗಳ ಸಂಖ್ಯೆಯೇ ಫಲಿತಾಂಶ.

ಹಲಗೆಯನ್ನು ಊರಿನ ಬಡಗಿಯೇ ಮಾಡಿಕೊಟ್ಟರು. ಬಳೆಗಳನ್ನು ಕೊಳವೆಬಾವಿಗೆ ತಂದು ಉಳಿದಿದ್ದ ಪಿವಿಸಿ ಪೈಪಿನಿಂದ ಒಂದೇ ಅಳತೆಗೆ ಕತ್ತರಿಸಿ, ಮಕ್ಕಳ ಬೆರಳಿಗೆ ತರಚದಂತೆ ಅಂಚು ಉಜ್ಜಿದೆವು. ಮೊದಲ ವಾರ ಗೂಟಗಳನ್ನು ನನ್ನ ಭುಜದ ಮಟ್ಟಕ್ಕೇ ಬಿಟ್ಟಿದ್ದೆ. ಮಕ್ಕಳು ಪ್ರತಿ ಬಳೆಗೂ ಕೈ ಚಾಚಿ ಚಾಚಿ ಸೋತರು. ಆ ಎಣಿಕೆಗಳನ್ನೆಲ್ಲ ಹರಿದು ಹಾಕಿ, ಪ್ರತಿ ಮಗು ಕುಳಿತ ಮೇಲೆ ಎತ್ತರ ಹೊಂದಿಸುವಂತೆ ಹಲಗೆಯನ್ನು ತಿದ್ದಿಸಿದೆ. ಒಮ್ಮೆ ರೂಢಿ ಮಾಡಿಸದೆ ಎಣಿಸಲೂ ಬಾರದು. ಎರಡನೇ ಸಲಕ್ಕೆ ಕೈಚಳಕ ಬಂದೇ ಎಣಿಕೆ ಏರುತ್ತದೆ.

ಇಳಿಜಾರಿನ ಹುಡುಗನನ್ನು ಕೂರಿಸಿ ನಿಮಿಷಕ್ಕೊಮ್ಮೆ ಬರೆದುಕೊಂಡೆ. ಮೊದಲ ನಿಮಿಷ 46 ಬಳೆ, ನಾಲ್ಕನೆಯದರಲ್ಲಿ 22. ಹೆಗಲು ಕಿವಿಯ ಕಡೆಗೆ ಏರಿತ್ತು, ತುಟಿ ಕಚ್ಚಿಕೊಂಡಿದ್ದ. ಅರ್ಧ ದಾರಿಯಲ್ಲಿ ಅವನೇಕೆ ನಿಲ್ಲುತ್ತಾನೆಂಬುದು ನನಗೆ ಕಾಗದದ ಮೇಲೆ ಕಂಡದ್ದು ಅಂದು.

ಆದ್ದರಿಂದ ಹಳ್ಳಿಯ ಶಾಲೆಗೆ ಪೆಗ್‌ಬೋರ್ಡೇ ನನ್ನ ಆಯ್ಕೆ. ಸೆರೆಬ್ರಲ್ ಪಾಲ್ಸಿಯಿಂದ (ಎಳವೆಯಲ್ಲೇ ಮೆದುಳಿಗೆ ಆದ ಹಾನಿಯಿಂದ ಬರುವ ಚಲನೆಯ ತೊಂದರೆ) ಬೆರಳು ಬಿಗಿದ ಮಕ್ಕಳಿಗೆ ಮಾತ್ರ ಇದನ್ನು ಮಾಡಿಸುವುದಿಲ್ಲ. ಬಳೆ ಜಾರುವುದು ದಣಿವಿನಿಂದಲೋ ಬಿಗಿತದಿಂದಲೋ ಎಂದು ಬಿಡಿಸಿ ಹೇಳಲಾಗದು. ಅವರ ಕೈಯನ್ನು ಪೆಡಲಿಗೆ ಪಟ್ಟಿಯಿಂದ ಕಟ್ಟಬಹುದಾದ್ದರಿಂದ ಅವರನ್ನು ಬೆಂಗಳೂರಿಗೇ ಕರೆದೊಯ್ಯುತ್ತೇನೆ.