ಹಾಸ್ಟೆಲ್ ಮಂಚಕ್ಕೆ ಅರಳೆ ಗಾದಿಯೋ, ಫೋಮ್ ಗಾದಿಯೋ?

ಯಾವ ಗಾದಿ ಒಳ್ಳೆಯದು ಎನ್ನುವುದಕ್ಕಿಂತ ಮೊದಲು ಹಾಸ್ಟೆಲ್ ಯಾವ ಊರಲ್ಲಿದೆ ನೋಡಬೇಕು. ವಿಜಯಪುರದ ಒಣ ಬಿಸಿಲಿಗೆ ಒಗ್ಗುವ ಹಾಸಿಗೆ ಬೆಳಗಾವಿಯ ಜಿಟಿಜಿಟಿ ಮಳೆಗೆ ಒಗ್ಗುವುದಿಲ್ಲ. ಅರಳೆ, ಫೋಮ್, ತೆಂಗಿನ ನಾರು ಮೂರನ್ನೂ ಬಳಸಿ ನೋಡಿದ ಮೇಲೆ ನಮ್ಮ ಮಾತು ಇಷ್ಟು: ವಿಜಯಪುರ, ಬಾಗಲಕೋಟೆಗೆ ಅರಳೆ, ಬೆಳಗಾವಿಗೆ ಫೋಮ್, ನಾರಿನ ಗಾದಿ ಹಾಸ್ಟೆಲಿಗೆ ಬೇಡ. ಅದು ಬೆನ್ನಿಗೆ ಗಟ್ಟಿಯಾಗಿ ಸಿಗುತ್ತದೆ, ನಿಜ. ಆದರೆ ಸುರುಳಿ ಸುತ್ತಲು ಬರುವುದಿಲ್ಲ, ಮಡಚಿದರೆ ನಡುವೆ ಮುರಿಯುತ್ತದೆ. ವರ್ಷವರ್ಷ ರೂಮ್ ಬದಲಿಸುವವರಿಗೆ ದೊಡ್ಡ ತಲೆನೋವು.

ಕೊಳ್ಳುವ ಮುಂಚೆ ಮಂಚ ಅಳೆಯಿರಿ. ಹಾಸ್ಟೆಲ್‌ಗಳ ಕಬ್ಬಿಣದ ಮಂಚ ಸಾಮಾನ್ಯವಾಗಿ 6 ಅಡಿ ಉದ್ದ ಇರುತ್ತದೆ, ಅಗಲ ಮಾತ್ರ ಕೆಲವು ಕಡೆ 3 ಅಡಿ, ಕೆಲವು ಕಡೆ ಎರಡೂವರೆ. ಗಾದಿ ಅರ್ಧ ಅಡಿ ಹೆಚ್ಚಾದರೂ ಅಂಚು ಜೋತುಬಿದ್ದು ರಾತ್ರಿ ಮಗ್ಗುಲಾದಾಗ ಜಾರುತ್ತದೆ. ಮಂಚದ ಮೇಲೆ ಹಲಗೆ ಇದೆಯೋ, ಬರೀ ಪಟ್ಟಿ ಇದೆಯೋ ಅದನ್ನೂ ನೋಡಿಕೊಳ್ಳಿ. ಪಟ್ಟಿ ಇದ್ದರೆ ತೆಳು ಫೋಮ್ ಸಂದಿಯಲ್ಲಿ ಕುಸಿಯುತ್ತದೆ. ಕೆಳಗೊಂದು ಹಳೆ ಜಮಖಾನೆ ಹಾಸಲೇಬೇಕು.

6×3 ಅಡಿಯ ಅರಳೆ ಗಾದಿಗೆ 8 ಕಿಲೋ ಅರಳೆ ಸರಿಯಾದ ಲೆಕ್ಕ. ಆರಕ್ಕಿಂತ ಕಡಿಮೆಯಾದರೆ ಪಟ್ಟಿ ಬೆನ್ನಿಗೆ ಒತ್ತುತ್ತದೆ, ಹತ್ತು ದಾಟಿದರೆ ಒಬ್ಬರೇ ಮಾಳಿಗೆಗೆ ಹೊತ್ತೊಯ್ದು ಒಣಗಿಸಲು ಆಗುವುದಿಲ್ಲ. ಅಂಗಡಿಯಲ್ಲಿ ಖೋಳಕ್ಕೆ ತುಂಬುವ ಮೊದಲು ಒಂದು ಹಿಡಿ ಅರಳೆ ತೆಗೆದು ಎಳೆದು ನೋಡಿ. ಎಳೆ ಉದ್ದಕ್ಕೆ ಬಿಚ್ಚಿಕೊಂಡು ಬಂದರೆ ಒಳ್ಳೆಯದು. ತುಂಡುತುಂಡಾಗಿ ಉದುರಿ, ಬಣ್ಣದ ದಾರದ ಚೂರು, ಧೂಳು ಬಿದ್ದರೆ ಅದು ಗಿರಣಿಯ ವೇಸ್ಟ್. ಅಂಥದ್ದು ಬೇಗ ಗಂಟುಗಂಟಾಗುತ್ತದೆ, ಸೀನು ತರಿಸುತ್ತದೆ. ಮುಂದೆ ನಿಂತು ತುಂಬಿಸಿಕೊಳ್ಳಿ, ನಡುನಡುವೆ ದಪ್ಪ ದಾರದ ಹೊಲಿಗೆ ಹಾಕಿಸಿ. ಇಲ್ಲದಿದ್ದರೆ ಅರಳೆಯೆಲ್ಲ ಅಂಚಿಗೆ ಸರಿದು ನಡುವೆ ತಗ್ಗು ಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದರೆ ಮತ್ತೆ ಉಬ್ಬುತ್ತದೆ. ತೀರಾ ಚಪ್ಪಟೆಯಾದ ಮೇಲೆ ಅದೇ ಅರಳೆಯನ್ನು ಹಿಂಜಿಸಿ ಹೊಸ ಖೋಳಕ್ಕೆ ತುಂಬಿಸಬಹುದು. ಫೋಮ್‌ಗೆ ಈ ಭಾಗ್ಯವಿಲ್ಲ, ಒಮ್ಮೆ ಕುಸಿದರೆ ಮುಗಿಯಿತು.

ಆದರೆ ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಬಿಸಿಲು ಎಲ್ಲಿಂದ ತರುವುದು? ಅರಳೆ ತೇವ ಹೀರಿ ಭಾರವಾಗುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ, ಗೋಡೆಗೆ ತಾಗಿದ ಕಡೆ ಬೂಸ್ಟು ಬರುತ್ತದೆ. ಅಲ್ಲಿಗೆ 6×3 ಅಡಿಯ, 4 ಇಂಚು ದಪ್ಪದ, 32 ಡೆನ್ಸಿಟಿಯ ಫೋಮ್ ತೆಗೆದುಕೊಳ್ಳಿ. ತೂಕ ಐದೂವರೆ ಕಿಲೋದಷ್ಟು, ಸುತ್ತಿ ಬಸ್ಸಿನಲ್ಲಿ ತರಬಹುದು. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್‌ನ ತೂಕ. ಆದ್ದರಿಂದ ಅಂಗಡಿಯವರ ಮಾತು ನಂಬದೆ ತೂಗಿ ನೋಡಿದರೆ ಸಾಕು. ಅದೇ ಅಳತೆಯ ಗಾದಿ ನಾಲ್ಕು ಕಿಲೋಗಿಂತ ಕಡಿಮೆ ತೂಗಿದರೆ ಬಿಟ್ಟು ಬನ್ನಿ. ಅರಳೆಗೆ ಬಿಸಿಲು ಬೇಕು, ಫೋಮ್‌ಗೆ ಬಿಸಿಲು ಆಗದು: ಹಳದಿಯಾಗಿ ಪುಡಿಪುಡಿ ಉದುರುತ್ತದೆ. ನೆರಳಲ್ಲಿ ಗಾಳಿಗೆ ನಿಲ್ಲಿಸಿ. ವಿಜಯಪುರದ ಏಪ್ರಿಲ್, ಮೇ ಸೆಕೆಯಲ್ಲಿ ಫೋಮ್ ಮೈಯ ಕಾವನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಬೆನ್ನು ಬೆವೆತು ನಿದ್ದೆ ಬರದು. ಈಗಾಗಲೇ ಕೊಂಡಿದ್ದರೆ ಮೇಲೊಂದು ಕೌದಿ ಹಾಸಿ.

ಕೌದಿಯಷ್ಟು ಉಪಯೋಗದ ಹಾಸಿಗೆ ಹಾಸ್ಟೆಲಿಗೆ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಹಾಸಲು, ಚಳಿಯಲ್ಲಿ ಹೊದೆಯಲು, ಗಾದಿ ತಗ್ಗಾದಾಗ ಮಡಚಿ ಕೆಳಗೆ ಇಡಲು. ಹಳೆ ಇಳಕಲ್ ಸೀರೆ, ಧೋತರದ ಮೆತ್ತನೆ ಬಟ್ಟೆಯದು ಹಗುರ. ಹೊಲಿಗೆ ಬೆರಳಗಲಕ್ಕೊಂದು ಸಾಲು ಇರಲಿ. ದೂರದೂರ ಇದ್ದರೆ ಒಗೆದಾಗ ಒಳಪದರ ಸರಿದು ಮುದ್ದೆಯಾಗುತ್ತದೆ. ಒಂದೇ ತೊಡಕು, ನೆನೆದ ಕೌದಿ ಹಿಂಡಲು ಇಬ್ಬರು ಬೇಕು. ಅದಕ್ಕೇ ಬೆಳಗಾವಿಯ ಮಳೆಗಾಲಕ್ಕೆ ಸೊಲ್ಲಾಪುರ ಚಾದರ ಮೇಲು, ಬಕೆಟ್‌ನಲ್ಲೇ ಒಗೆಯಬಹುದು, ಬೇಗ ಒಣಗುತ್ತದೆ. ಡಿಸೆಂಬರ್ ಚಳಿಗೆ ಅದರ ಮೇಲೆ ಕುರಿ ಉಣ್ಣೆಯ ಕಂಬಳಿ. ಅದು ಚುಚ್ಚುತ್ತದೆ ಎನ್ನುವವರು ಒಳಗೆ ಚಾದರ, ಹೊರಗೆ ಕಂಬಳಿ ಹೊದೆಯಲಿ. ಬೆಡ್‌ಶೀಟ್ 60×90 ಇಂಚಿನವು ಎರಡು, ದಿಂಬಿನ ಗಲೀಫು ಎರಡು ಸಾಕು.

ತಗಣಿ ಕಾಟ ಊರು ನೋಡಿ ಬರುವುದಿಲ್ಲ. ಮೊದಲ ದಿನ ಗಾದಿ ಹಾಸುವ ಮೊದಲೇ ಮಂಚದ ಕೀಲು, ಬೋಲ್ಟ್ ಸಂದಿಗಳಲ್ಲಿ ಕರಿ ಚುಕ್ಕೆ ಇವೆಯೇ ನೋಡಿ; ಇದ್ದರೆ ಮಂಚ ಹೊರಗೆ ತಂದು ಕುದಿಯುವ ನೀರು ಸುರಿಯಿರಿ. ಮೇಲಿನ ಬಿಸಿಲು ದಪ್ಪ ಗಾದಿಯ ಒಳತನಕ ಹೋಗುವುದಿಲ್ಲ, ತಗಣಿ ಒಳಗೆ ಸರಿದು ಬದುಕಿಬಿಡುತ್ತದೆ. ಖೋಳ ಬಿಚ್ಚಿ ಬಿಸಿನೀರಲ್ಲಿ ನೆನೆಸಿ, ಹೊಲಿಗೆಯ ಅಂಚನ್ನು ಬ್ರಷ್‌ನಿಂದ ಉಜ್ಜಿ.

ಸಾಮಾನಿಗೆ ಟ್ರಂಕೋ, ಚಕ್ರದ ಬ್ಯಾಗೋ ಎಂದರೆ ನಮ್ಮ ಓಟು ಟ್ರಂಕಿಗೆ. ಬ್ಯಾಗಿನ ಜಿಪ್‌ ಅನ್ನು ಬರೀ ಪೆನ್ನಿನ ತುದಿಯಿಂದ ತೆರೆಯಬಹುದು, ಚಕ್ಕುಲಿ, ಕರದಂಟಿನ ವಾಸನೆಗೆ ಇಲಿ ಬಟ್ಟೆ ಕಡಿಯುತ್ತದೆ. ಟ್ರಂಕಿನ ಎತ್ತರ ಮಂಚದ ಕೆಳಗಿನ ಜಾಗಕ್ಕಿಂತ ಎರಡು ಇಂಚು ಕಡಿಮೆ ಇರಲಿ. ಬೆಳಗಾವಿಯಲ್ಲಾದರೆ ಕೆಳಗೆ ಎರಡು ಇಟ್ಟಿಗೆ ಇಡಿ, ಇಲ್ಲದಿದ್ದರೆ ತಳ ತುಕ್ಕು ಹಿಡಿದು ಬಟ್ಟೆಗೆ ಕಲೆ ಹತ್ತುತ್ತದೆ. ಹೊರಡುವಾಗ ದಿಂಬು, ಚಾದರಗಳನ್ನು ಗಾದಿಯೊಳಗೇ ಸುತ್ತಿ, ಹೊರಗೆ ಜಮಖಾನೆ ಹೊದಿಸಿ, ನೈಲಾನ್ ಹಗ್ಗದಿಂದ ಎರಡು ಕಡೆ ಬಿಗಿಯಿರಿ. ಮಳೆಗಾಲವಾದರೆ ಜಮಖಾನೆಯ ಒಳಗೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಹೊರಗೆ ಸುತ್ತಿದರೆ ಬಸ್ಸಿನ ಟಾಪಿನ ಮೇಲೆ ಹಗ್ಗಕ್ಕೆ ಉಜ್ಜಿ ಹರಿಯುತ್ತದೆ.