ಅಂಗಡಿಯ ಎಳ್ಳು-ಬೆಲ್ಲ: ಕೊಬ್ಬರಿ ಪಾಸು, ಬೆಲ್ಲ ಫೇಲು

ಈ ಸಲ ಸಂಕ್ರಾಂತಿಗೆ ನಮ್ಮ ಮನೆಗೆ ಮೊದಲ ಬಾರಿಗೆ ಅಂಗಡಿಯ ಎಳ್ಳು ಬಂತು. ಪ್ರತಿ ವರ್ಷ ಡಿಸೆಂಬರ್ ಕೊನೆಯ ಹೊತ್ತಿಗೇ ಅಮ್ಮ ಅಡಿಕೆ ಕತ್ತರಿ ಹಿಡಿದು ಕೂತುಬಿಡುತ್ತಿದ್ದಳು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಅಚ್ಚುಬೆಲ್ಲ ಕತ್ತರಿಸಿ, ತಾರಸಿ ಮೇಲೆ ಹಳೇ ಪಂಚೆ ಹಾಸಿ ಒಣಗಿಸಿ, ಕಾಗೆ ಓಡಿಸೋಕೆ ನನ್ನನ್ನು ಕೂರಿಸುತ್ತಿದ್ದಳು. ಈಗ ಅವಳ ಮಣಿಕಟ್ಟು ನೋಯುತ್ತದೆ. ನಾನು ಆಫೀಸಿಂದ ಮನೆ ಸೇರೋದು ರಾತ್ರಿ ಎಂಟಕ್ಕೆ. ಸರಿ, ಗಾಂಧಿ ಬಜಾರಿನ ಒಂದು ಕಾಂಡಿಮೆಂಟ್ಸ್ ಅಂಗಡಿಗೆ ಹೋದೆ. ಹೆಸರು ಹೇಳಲ್ಲ, ಯಾಕಂದರೆ ಮುಂದೆ ಒಂದಷ್ಟು ಬೈಗುಳ ಇದೆ.

ತಂದದ್ದು ಒಂದು ಕೆಜಿ ಬೆರೆಸಿದ ಎಳ್ಳು, ಕಾಲು ಕೆಜಿ ಸಕ್ಕರೆ ಅಚ್ಚು, ಜೊತೆಗೆ ಹಂಚೋಕೆ ಅಂತ ಅವರೇ ಮಾಡಿಟ್ಟಿದ್ದ ಪುಟ್ಟ ಪ್ಯಾಕೆಟ್ 30. ಹಬ್ಬಕ್ಕೆ ಎರಡೇ ದಿನ ಬಾಕಿ. ಅಂಗಡಿ ಮುಂದೆ ಕಬ್ಬಿನ ಜಲ್ಲೆ, ಎಲಚಿಹಣ್ಣಿನ ರಾಶಿ, ಕಾಲಿಡೋಕೂ ಜಾಗ ಇಲ್ಲ. ಆದರೂ ಕೌಂಟರಿನ ಹುಡುಗ ಒಂಚೂರೂ ಸಿಡುಕಲಿಲ್ಲ. ಅಚ್ಚು ತೂಕ ಮಾಡುವಾಗ ಒಂದು ರಥದ ಗೋಪುರ ಮುರಿಯಿತು, ನಾನು ಬಾಯಿ ಬಿಡುವ ಮೊದಲೇ ಪಕ್ಕಕ್ಕಿಟ್ಟು ಬೇರೆ ಹಾಕಿದ. ಅದಕ್ಕೆ ಪೂರ್ತಿ ಮಾರ್ಕು.

ಕೊಬ್ಬರಿ ಚೆನ್ನಾಗಿದೆ. ಬಿಳೀ ಬಣ್ಣ, ಒಂದೇ ಅಳತೆ, ಕಮಟು ವಾಸನೆ ಇಲ್ಲ. ಅಮ್ಮ ನಾಲ್ಕು ಚೂರು ಅಂಗೈಗೆ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು, ತಪ್ಪು ಸಿಗಲಿಲ್ಲ, ಅದೇ ಒಂದು ಬೇಜಾರು ಅವಳಿಗೆ. ಹುರಿಗಡಲೆ ಗರಿಗರಿ. ಕಡಲೆಬೀಜದ್ದೇ ತಾಪತ್ರಯ. ಅಲ್ಲಲ್ಲಿ ಸಿಪ್ಪೆ ಉಳಿದಿದೆ, ಕೆಲವು ಸೀದಿವೆ. ಸೀದ ಬೀಜ ಒಂದೇ ಒಂದು ಬಾಯಿಗೆ ಸಿಕ್ಕರೂ ಆ ತುತ್ತೆಲ್ಲ ಕಹಿ, ಇದು ಎಳ್ಳು ತಿಂದವರಿಗೆಲ್ಲ ಗೊತ್ತು. ಜೊತೆಗೆ ಬಣ್ಣದ ಜೀರಿಗೆ ಪೆಪ್ಪರಮೆಂಟು ಕೈತುಂಬ ಸುರಿದಿದ್ದಾರೆ, ತೂಕ ಏರಿಸೋಕೆ ಅಂತ ನನ್ನ ಅನುಮಾನ. "ಎಳ್ಳೆಲ್ಲಿದೆ ಕಣೇ ಇದರಲ್ಲಿ?" ಅಂದಳು ಅಮ್ಮ.

ಅಸಲು ತಪ್ಪು ಬೆಲ್ಲದ್ದು. ಬೆಲ್ಲ ಗಾಳಿಯಲ್ಲಿರೋ ನೀರನ್ನೆಲ್ಲ ಎಳೆದುಕೊಳ್ಳುತ್ತದೆ, ಅದಕ್ಕೇ ಬಿಸಿಲಿಗೆ ಹಾಕೋದು. ಇವರು ಆತುರದಲ್ಲಿ ಹಸಿಹಸಿಯಾಗೇ ಬೆರೆಸಿದ್ದಾರೆ. ಹಬ್ಬದ ಬೆಳಗ್ಗೆ ಡಬ್ಬ ತೆಗೆದರೆ ಬೆಲ್ಲ ಬೆವತಿದೆ, ಎಳ್ಳೆಲ್ಲ ಅದಕ್ಕೆ ಮೆತ್ತಿಕೊಂಡು ಅರ್ಧ ಚಿಕ್ಕಿ ಆಗಿದೆ. ಬಿಡಿಸಿ, ಪೇಪರ್ ಮೇಲೆ ಹರಡಿ, ಫ್ಯಾನ್ ಹಾಕಿ, ಒಂದು ಗಂಟೆ ಹೋಯಿತು. ಸಮಯ ಉಳಿಸೋಕೆ ಅಂತ ತಾನೇ ದುಡ್ಡು ಕೊಟ್ಟಿದ್ದು?

ಆದರೆ ಆ ಪುಟ್ಟ ಪ್ಯಾಕೆಟ್ಟುಗಳ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ನಮ್ಮಲ್ಲಿ ಎಳ್ಳು ಬೀರೋದು ಅಂದರೆ ತಟ್ಟೆ, ಅರಿಶಿನ ಕುಂಕುಮ, ಎಲೆ ಅಡಿಕೆ, ಕಬ್ಬಿನ ತುಂಡು, ಬಾಳೆಹಣ್ಣು. ಕುಂಕುಮ ಮುತ್ತೈದೆಯರಿಗೆ. ಚಿಕ್ಕಪ್ಪ ಹೋದಮೇಲೆ ನಮ್ಮ ಚಿಕ್ಕಮ್ಮ ಆ ಹೊತ್ತಿಗೆ ಸರಿಯಾಗಿ ಅಡುಗೆಮನೇಲಿ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದರು. ಯಾರೂ ಹೋಗು ಅಂತಿರಲಿಲ್ಲ, ಬಾ ಅಂತಲೂ ಅಂತಿರಲಿಲ್ಲ. ಈ ಸಲ ಪ್ಯಾಕೆಟ್ ಇತ್ತಲ್ಲ, ಕುಂಕುಮದ ಪ್ರಶ್ನೆಯೇ ಬರಲಿಲ್ಲ. ಲಂಗ ಬ್ಲೌಸ್ ಹಾಕಿದ್ದ ನನ್ನ ಮಗಳು ಎಲ್ಲರಿಗಿಂತ ಮೊದಲು ಅವರ ಕೈಗೇ ಒಂದು ಪ್ಯಾಕೆಟ್ ಇಟ್ಟು, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತ ರಾಗವಾಗಿ ಹೇಳಿದಳು. ಚಿಕ್ಕಮ್ಮ ಅಲ್ಲೇ ನಿಂತು ಪ್ಯಾಕೆಟ್ ಹರಿದು ತಿಂದರು.

ಆಮೇಲೆ ಮಗಳ ಜೊತೆ ನಮ್ಮ ಅಪಾರ್ಟ್‌ಮೆಂಟಿನ ಮನೆ ಮನೆ ಹತ್ತಿ ಇಳಿದೆ. ಎರಡನೇ ಮಹಡಿಯ ಮರಾಠಿ ಮನೆಯಲ್ಲಿ ನಾವು ಬಾಯಿ ತೆಗೆಯುವ ಮೊದಲೇ ಎಳ್ಳುಂಡೆ ಬಂತು. 'ತಿಳ್‌ಗುಳ್ ಘ್ಯಾ, ಗೋಡ್ ಗೋಡ್ ಬೋಲಾ' ಅಂದರು. ಎಳ್ಳುಬೆಲ್ಲ ತಗೊಳ್ಳಿ, ಸಿಹಿಸಿಹಿಯಾಗಿ ಮಾತಾಡಿ ಅಂತ. ನಮ್ಮ ಮಾತೇ, ಪದ ಬೇರೆ ಅಷ್ಟೆ. ಅವರದ್ದರಲ್ಲಿ ಪೆಪ್ಪರಮೆಂಟು ಇರಲಿಲ್ಲ, ಹೊಟ್ಟೆಕಿಚ್ಚಾಯಿತು.

ಮೂರನೇ ಮಹಡಿಯ ಮಂಗಳೂರಿನ ಆಂಟಿ ಮನೆಗೆ ಹೋಗುವಾಗ ಸ್ವಲ್ಪ ಅಳುಕಿತ್ತು. ಕ್ರಿಸ್‌ಮಸ್‌ಗೆ ಅವರು ಕುಸ್ವಾರ್ ತುಂಬಿ ಕೊಟ್ಟ ಸ್ಟೀಲ್ ಡಬ್ಬ ಇನ್ನೂ ನಮ್ಮನೇಲೇ ಇತ್ತು. ಖಾಲಿ ಡಬ್ಬ ವಾಪಸ್ ಕೊಡಬಾರದಲ್ವಾ, ಹಾಗಾಗಿ ಮೂರು ವಾರದಿಂದ ಕಾದಿತ್ತು. ಎಳ್ಳು ತುಂಬಿ ಕೊಟ್ಟೆ. ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ: ನೆವ್ರಿ, ರೋಸ್ ಕುಕ್ಕೀಸ್, ಕಿಡಿಯೊ, ಉಂಡೆ. ನೆವ್ರಿ ಅಂದರೆ ಹೆಚ್ಚುಕಮ್ಮಿ ನಮ್ಮ ಕರ್ಜಿಕಾಯಿಯೇ. ಆಂಟಿ ಒಂದು ಚಮಚ ಬಾಯಿಗೆ ಹಾಕಿಕೊಂಡು, "ನಮ್ಮ ನೆವ್ರಿ ಒಳಗೂ ಎಳ್ಳು ಹಾಕುವುದುಂಟು ಮಾರಾಯ್ರೆ, ಆದರೆ ನಾವು ಹುರಿದು ಹಾಕುವುದು" ಅಂದರು. ಅಂದರೆ ನಮ್ಮದು ಹುರಿದಿಲ್ಲ ಅಂತ. ತಿಂದು ನೋಡಿದೆ, ನಿಜ, ಎಳ್ಳು ಹಸಿ! ಅಮ್ಮನಿಗೂ ಗೊತ್ತಾಗಿರಲಿಲ್ಲ.

ಇವರ ಹಬ್ಬ, ನಮ್ಮ ಹಬ್ಬ ಮೂರೇ ವಾರದ ಅಂತರದಲ್ಲಿ ಬರೋದು ಯಾಕೆ ಅಂತ ಮಗಳು ಮೆಟ್ಟಿಲಲ್ಲಿ ಕೇಳಿದಳು. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗೋದು ಡಿಸೆಂಬರ್ 21-22ಕ್ಕೆ. ಹಳೇ ರೋಮನ್ ಕ್ಯಾಲೆಂಡರಿನಲ್ಲಿ ಆ ದಿನವನ್ನು ಡಿಸೆಂಬರ್ 25 ಅಂತ ಲೆಕ್ಕ ಇಡುತ್ತಿದ್ದರು. ನಮ್ಮ ಪಂಚಾಂಗ ನಕ್ಷತ್ರ ನೋಡಿ ಎಣಿಸುತ್ತದೆ, ಭೂಮಿಯ ಅಕ್ಷ ಬುಗುರಿ ಥರ ನಿಧಾನವಾಗಿ ವಾಲುತ್ತಾ ತಿರುಗೋದರಿಂದ ಸಂಕ್ರಾಂತಿ ಸುಮಾರು 72 ವರ್ಷಕ್ಕೊಂದು ದಿನ ಮುಂದಕ್ಕೆ ಜಾರುತ್ತದೆ. ಹಾಗೆ ಜಾರಿ ಜಾರಿ ಈಗ ಜನವರಿ 14-15ಕ್ಕೆ ಬಂದು ನಿಂತಿದೆ. ಸುಮಾರು 1,700 ವರ್ಷದ ಹಿಂದೆ ಸಂಕ್ರಾಂತಿಯೂ ಡಿಸೆಂಬರಿನಲ್ಲೇ. ಇಷ್ಟೆಲ್ಲ ಹೇಳಿದಮೇಲೆ "ಹಾಗಾದ್ರೆ ರಂಜಾನ್?" ಅಂದಳು. ಅದು ಚಂದ್ರನ ಲೆಕ್ಕ, ವರ್ಷಕ್ಕೆ 10-11 ದಿನ ಹಿಂದಕ್ಕೆ ಬರುತ್ತದೆ ಅಂದೆ. ನಾಲ್ಕನೇ ಮಹಡಿಯವರು ಹಬ್ಬಕ್ಕೆ ಕಳಿಸೋ ಶೀರ್ ಖುರ್ಮಾ ಮಾತ್ರ ಅವಳಿಗೆ ಮುಖ್ಯ, ಲೆಕ್ಕ ಅಲ್ಲ.

ಎಲ್ಲಾ ಹಬ್ಬ ಒಂದೇ ಅಂತ ನಾನೇನೂ ಹೇಳಲ್ಲ. ನಾವು ಬಿಳಿ ಎಳ್ಳನ್ನೇ ಯಾಕೆ ಹಾಕೋದು ಅಂದರೆ ಕಪ್ಪು ಎಳ್ಳು ತರ್ಪಣದ್ದು. ಅದನ್ನು ಪಕ್ಕದ ಮನೆಯವರು ಹೇಗೆ ಊಹಿಸಬೇಕು? ಯಹೂದಿಗಳು ಹೊಸ ವರ್ಷಕ್ಕೆ ಸೇಬನ್ನು ಜೇನಿಗೆ ಅದ್ದಿ ತಿನ್ನುತ್ತಾರೆ, ವರ್ಷವೆಲ್ಲ ಸಿಹಿಯಾಗಿರಲಿ ಅಂತ. ನಮ್ಮ ಯುಗಾದಿಗೆ ಬೇವನ್ನೂ ಸೇರಿಸಿ ಕೊಡುತ್ತೇವೆ. ಸಿಹಿ ಮಾತ್ರ ಅಂದರೆ ನಮಗೆ ನಂಬಿಕೆ ಬರಲ್ಲ.

ಸರಿ, ಅಂಗಡಿಗೆ ವಾಪಸ್. ಅಚ್ಚು ತಗೊಳ್ಳಿ, ಕಣ್ಣು ಮುಚ್ಚಿ ತಗೊಳ್ಳಿ. ರಥ, ಗಿಳಿ, ತುಳಸಿಕಟ್ಟೆ ಎಲ್ಲದರ ಗೆರೆ ಚೂಪಾಗಿದೆ, ಗುಲಾಬಿ ಬಣ್ಣ ಮಾತ್ರ ನಾಲಿಗೆಗೆ ಹತ್ತುತ್ತದೆ, ಬಿಳಿಯದ್ದೇ ಆರಿಸಿ. ಪುಟ್ಟ ಪ್ಯಾಕೆಟ್ ತಗೊಳ್ಳಬಹುದು. ಬೆರೆಸಿದ ಎಳ್ಳು ಬೇಡ. ಹೆಚ್ಚಿದ ಕೊಬ್ಬರಿ ಬಿಡಿಯಾಗಿ ಅಲ್ಲೇ ಸಿಗುತ್ತದೆ, ಅದನ್ನು ತಂದು, ಬೆಲ್ಲ ಮನೇಲಿ ಕತ್ತರಿಸಿ, ಎಳ್ಳು ಹುರಿದು ಬೆರೆಸಿಕೊಳ್ಳಿ. ಐದರಲ್ಲಿ ಮೂರು ಸ್ಟಾರ್, ಅದರಲ್ಲಿ ಒಂದು ಆ ಹುಡುಗನಿಗೆ.

ಆಂಟಿಯ ಡಬ್ಬ ನಿನ್ನೆ ಮತ್ತೆ ಬಂತು. ಒಳಗೆ ಬಾಳೆಕಾಯಿ ಚಿಪ್ಸು.